ಮಟ್ಟ ಎಂಬ ಹೆಸರು

ಹೊಳೆ ಏರಿತು. ಆಶ್ರಮದ ಗಂಟೆ ಹೊಡೆಯಲಿಲ್ಲ.

ಆ ಗಂಟೆಯನ್ನೇ ನಂಬಿ ನೀರಿಗಿಳಿದಿದ್ದ ಅಂಬಿಗ ಹುಲಿಗೆಪ್ಪ ಹರಿಗೋಲಿನ ಸಮೇತ ಕೊಚ್ಚಿಹೋದ. ಹರಿಗೋಲು ಸಿಗಲಿಲ್ಲ. ಅವನು ಕೆಳದಂಡೆಯ ಜಾಲಿಮರ ಹಿಡಿದು ಬದುಕಿದ.

ನೀರು ಏರಿದರೆ ತಾನಾಗಿ ಗಂಟೆ ಹೊಡೆಸುವ ಕಂಪ್ಯೂಟರ್ ಪ್ರೋಗ್ರಾಮನ್ನು ಜೋಡಿಸಿದವನು ಶಿಷ್ಯ ಶರಭ. ಅವನಿಗೆ ಅನ್ನ ಸೇರಲಿಲ್ಲ. ಒಂದೊಂದು ಸಾಲನ್ನೂ ತಿರುವಿ ನೋಡಿದ. ತಪ್ಪು ಸಿಕ್ಕಿದ್ದೇ ತಡ, ಗುರು ನೀಲವ್ವನವರ ಬಳಿಗೆ ಓಡಿದ.

ನೀಲವ್ವ ಹುಣಸೆಹಣ್ಣು ಬಿಡಿಸುತ್ತಿದ್ದರು.

“ಅವ್ವ, ತಪ್ಪು ನನ್ನದಲ್ಲ. ಲಿಂಕರ್‌ನದು.”

“ಹೇಳು.”

“ಹೊಳೆ ಅಳೆದು ಗಂಟೆ ಹೊಡೆಸೋ ಲೈಬ್ರರಿ, ಅಂದರೆ ಪ್ರೋಗ್ರಾಮಿಗೆ ಕೂಡಿಸೋ ಕೋಡಿನ ಕಟ್ಟು, ನಾನು ಬರೆದೆ. ಅಡುಗೆಮನೆ ತೊಟ್ಟಿ ಅಳೆಯೋದನ್ನ ಗೌರಾ ಬರೆದಳು. ನನ್ನ ಅಂಕಿಗೆ ‘ಮಟ್ಟ’ ಅಂತ ಹೆಸರಿಟ್ಟೆ. ಅವಳೂ ‘ಮಟ್ಟ’ ಅಂತಲೇ ಇಟ್ಟಳು. ಎರಡೂ ಗ್ಲೋಬಲ್, ಹೊರಗಿನವರಿಗೂ ಕಾಣೋ ಹೆಸರು. ಲಿಂಕರ್ ಎರಡನ್ನೂ ಒಂದೇ ಮಾಡಿಬಿಟ್ಟಿತು. ನಾನು ಹೊಳೆಯ ಮಟ್ಟ ಬರೆದ ಜಾಗದಲ್ಲೇ ತೊಟ್ಟಿಯ ಮಟ್ಟ ಬಂದು ಕೂತಿತು. ತೊಟ್ಟಿ ತಳ ಕಂಡಿತ್ತು. ಗಂಟೆ ಸುಮ್ಮನಿತ್ತು.”

“ಲಿಂಕರ್‌ನ ಕೆಲಸ ಏನು?”

“ಪ್ರೋಗ್ರಾಮಿನ ಒಂದು ತುಂಡು ‘ನನಗೆ ಮಟ್ಟ ಬೇಕು’ ಅನ್ನುತ್ತೆ. ಅದು ಎಲ್ಲಿದೆ ಅಂತ ಹುಡುಕಿ ಕೂಡಿಸೋದು.”

“ಹೆಂಗೆ ಹುಡುಕುತ್ತೆ?”

“ಲೈಬ್ರರಿಗಳನ್ನ ನಾವು ಹೇಳಿದ ಸಾಲಿನಲ್ಲಿ. ಮೊದಲು ಯಾವುದು ಸಿಕ್ಕಿತೋ ಅದನ್ನೇ ಕೇಳಿದವರಿಗೆಲ್ಲ ಕೊಡುತ್ತೆ.”

“ಹಂಗೇ ಮಾಡಿತಾ?”

“ಮಾಡಿತು.”

ನೀಲವ್ವ ಒಂದು ಬೀಜ ತೆಗೆದು ಪಕ್ಕಕ್ಕೆ ಹಾಕಿದರು.

ಶರಭನ ಮುಖ ಬಿಸಿಯಾಯಿತು. “ಹಂಗಾದರೆ ಗೌರಾ ಹೆಸರು ಬದಲಿಸಲಿ. ಸಾಲಿನಲ್ಲಿ ಮೊದಲು ಸಿಕ್ಕಿದ್ದು ಅವಳದು.”

ಜೊತೆಯ ಶಿಷ್ಯೆ ಗೌರಾ ಬಾಗಿಲಲ್ಲೇ ಇದ್ದಳು. “ಸಾಲು ಹಚ್ಚಿದವನು ನೀನು. ನಾನ್ಯಾಕೆ ಬದಲಿಸಲಿ? ತೊಟ್ಟಿಗೂ ಮಟ್ಟ ಇದೆ.”

ನೀಲವ್ವ ಎದ್ದು ಇಬ್ಬರನ್ನೂ ಹೊಳೆದಂಡೆಗೆ ಕರೆದೊಯ್ದರು. ಅಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

“ನಿನ್ನ ಹಡೆದಾಕೆಯನ್ನ ಕೂಗು,” ಎಂದರು ಶರಭನಿಗೆ.

“ಅವಳು ಊರಲ್ಲಿದ್ದಾಳೆ, ಅವ್ವ.”

“ಕೂಗು.”

ಶರಭ ನಾಚುತ್ತಲೇ ಕೂಗಿದ. “ಅವ್ವಾ!”

ಬಂಡೆಗಳ ಮೇಲಿನ ತಲೆಗಳೆಲ್ಲ ಇತ್ತ ತಿರುಗಿದವು. ಹತ್ತಿರವಿದ್ದಾಕೆ ಸೆರಗಿಗೆ ಕೈ ಒರೆಸಿಕೊಂಡು ಬಂದೇಬಿಟ್ಟಳು. “ಏನ್ ಮಗಾ? ಏನಾತು?”

“ಏನಿಲ್ಲವ್ವ.”

ಆಕೆ ಗೊಣಗುತ್ತಾ ಹೋದಳು.

“ಬಂದದ್ದು ಆಕೆಯ ತಪ್ಪಾ?” ಎಂದರು ನೀಲವ್ವ.

“ಅಲ್ಲ.”

“ಮನೆಯೊಳಗೆ ನಿನ್ನ ತಾಯಿಯನ್ನ ಏನಂತ ಕರೀತಿದ್ದೆ?”

“ಅವ್ವ ಅಂತಲೇ.”

“ಯಾರು ಬರುತ್ತಿದ್ದರು?”

“ಅವಳೊಬ್ಬಳೇ,” ಎಂದ ಶರಭ. ಗೌರಾ ಆಗಲೇ ಆಶ್ರಮದ ಕಡೆ ಹೊರಟಿದ್ದಳು.

ಮಧ್ಯಾಹ್ನ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತರು. ಯಾರೂ ಹೆಸರು ಬದಲಿಸಲಿಲ್ಲ. ತಂತಮ್ಮ ‘ಮಟ್ಟ’ಕ್ಕೆ ‘ಸ್ಟ್ಯಾಟಿಕ್’ ಎಂಬ ಪದವೊಂದನ್ನು ಜೋಡಿಸಿದರು. ಇನ್ನು ಆ ಹೆಸರು ಬರೆದ ಕಡತದೊಳಗೇ ಇರುತ್ತದೆ. ಲಿಂಕರ್ ಬೇರೆಯವರಿಗಾಗಿ ಹುಡುಕಿಕೊಂಡು ಬಂದರೂ ಅದರ ಕಣ್ಣಿಗೆ ಬೀಳುವುದಿಲ್ಲ.

ಶರಭ ಕಂಪ್ಯೂಟರಿಗೆ ನೀರಿನ ಮಟ್ಟ ತಿಳಿಸುವ ಅಳತೆಯ ಕೋಲನ್ನು ಹೊಳೆಯಲ್ಲಿ ಆಳಕ್ಕೆ ಅದ್ದಿದ. ತೊಟ್ಟಿ ಬರಿದಾಗಿಯೇ ಇತ್ತು.

ಗಂಟೆ ಹೊಡೆಯಿತು.

ದಂಡೆಯಲ್ಲಿ ಹೊಸ ಹರಿಗೋಲಿಗೆ ಬಿದಿರು ಸೀಳುತ್ತಿದ್ದ ಹುಲಿಗೆಪ್ಪ ತಲೆ ಎತ್ತಿ ನೋಡಿದ. ನಗಲಿಲ್ಲ. ಶರಭ ಹೋಗಿ ಅವನ ಎದುರು ಕೂತು ತಾನೂ ಒಂದು ಬಿದಿರು ಎಳೆದುಕೊಂಡ. ಹುಲಿಗೆಪ್ಪ ಬೇಡ ಅನ್ನಲಿಲ್ಲ.

ಸಂಜೆ ನೀಲವ್ವ ಆ ಕಡೆ ಬಂದರು. ಶರಭನ ಬೆರಳುಗಳಿಗೆ ಸಿಬಿರು ಚುಚ್ಚಿತ್ತು.

“ಅವ್ವ, ನಾನು ಕೇಡು ಬಗೆದು ಮಾಡಿದ್ದಲ್ಲ. ಯಾರಿಗಾದರೂ ಬೇಕಾದೀತು ಅಂತ ಆ ಹೆಸರನ್ನ ಎಲ್ಲರಿಗೂ ಕಾಣೋ ಹಂಗೆ ಬಿಟ್ಟಿದ್ದೆ.”

ನೀಲವ್ವ ಕೇಳಿದರು: “ಯಾರು ಬೇಕು ಅಂದಿದ್ದರು?”