ತಾಯಮ್ಮನ ಕಂಪ್ಯೂಟರು, ಚೆಲುವನ ಸೈಕಲ್ ಪಂಪು

ತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಚೆಲುವ. ದೇವರು ಬುದ್ಧಿ ಹಂಚುವಾಗ ಇವನು ಚಪ್ಪಲಿ ಹುಡುಕ್ತಾ ಹೊರಗೇ ಉಳಿದುಬಿಟ್ಟಿದ್ದ. ಹೇಳಿದ್ದು ಮಾಡ್ತಿದ್ದ, ಇಲ್ಲ ಅನ್ನೋ ಹಾಗಿಲ್ಲ. ಹೇಳಿದಷ್ಟೇ ಮಾಡ್ತಿದ್ದ, ಅದೇ ತಾಪತ್ರಯ!

ತಾಯಮ್ಮಂದು ತಾಲ್ಲೂಕು ಕಚೇರಿ ಪಕ್ಕ ಲಗ್ನಪತ್ರಿಕೆ ಮಾಡಿಕೊಡೋ ಅಂಗಡಿ. ಅಲ್ಲೊಂದು ಹಳೇ ಕಂಪ್ಯೂಟರು. ಅವಳ ಬೆರಳಿಗೆ ಪಳಗಿದ, ಕನ್ನಡ ಟೈಪ್ ಮಾಡೋ ಹಳೇ ಅಕ್ಷರದ ಫಾಂಟು ತೆರೆಯೋದು ಅದೊಂದರಲ್ಲೇ. ಈಗೀಗ ಅದಕ್ಕೆ ಮುದಿ ಎತ್ತಿನ ನಡೆ. ಒತ್ತಿದರೆ, ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದ ಮೇಲೆ ಪುಟ ಬರೋದು!

"ಪ್ರೊಸೆಸರ್ ಬದಲಾಯಿಸಮ್ಮ, ಅದೇ ಕಂಪ್ಯೂಟರಿನ ಮಿದುಳು" ಅಂತ ಬಂದವರೆಲ್ಲ ಅನ್ನೋರು. ಬದಲಾಯಿಸಿ ಅಕ್ಷರವೇ ಹೋದರೆ? ಬದಲಾಯಿಸದೆ ಗಿರಾಕಿ ಹೋದರೆ? ಬುಧವಾರ ರುದ್ರೇಗೌಡರು ಮೊಮ್ಮಗಳ ಲಗ್ನಪತ್ರಿಕೆಗೆ ಬರೋರಿದ್ದರು. "ಕೂತಲ್ಲೇ ಮಾಡಿಕೊಟ್ರೆ ನಿಂದು, ಇಲ್ಲಾಂದ್ರೆ ಎದುರಂಗಡಿ" ಅಂದುಬಿಟ್ಟಿದ್ದರು. ತಾಯಮ್ಮ ಮಗನನ್ನ ಕೂಗಿದಳು.

"ಲೋ ಚೆಲುವಾ, ರಿಪೇರಿ ಅನ್ವರ್ ಸಾಬ್ರ ಹತ್ರ ಓಡು. ಪ್ರೊಸೆಸರ್ ಬದಲಾಯಿಸಬೇಕಾ ಬ್ಯಾಡ್ವಾ ಅಂತ ಕೇಳಿ ಬಾ."

ಓಡಿದ. ಓಡಿ ಬಂದ.

"ಕೇಳಿದ್ಯೇನೋ?"

"ಕೇಳ್ದೆ!"

"ಏನಂದ್ರು?"

"ಅವರು ಬಾಯಿ ತೆಗೆಯೋ ಹೊತ್ತಿಗೆ ನಾನು ಅರ್ಧ ದಾರಿ ಬಂದಿದ್ನಲ್ಲಮ್ಮ!"

ತಾಯಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಉತ್ತರ ಸಿಗೋತನಕ ಅಲ್ಲಿಂದ ಏಳಬಾರದು ಕಣೋ!"

"ಹಂಗೇ ಆಗ್ಲಮ್ಮ" ಅಂದ. ಮತ್ತೆ ಹೋದ.

"ಈಗಿರೋದು ಯಾವ ಪ್ರೊಸೆಸರಪ್ಪಾ? ಹೋಗಿ ನೋಡ್ಕೊಂಡು ಬಾ" ಅಂದರು ಅನ್ವರ್ ಸಾಬರು.

ಇದು ಉತ್ತರ ಅಲ್ವಲ್ಲ, ಪ್ರಶ್ನೆ! ಚೆಲುವ ಏಳಲಿಲ್ಲ. ಸಾಬರು ಊಟ ಮಾಡಿದರು, ಏಳಲಿಲ್ಲ. ನಮಾಜಿಗೆ ಹೋಗಿ ಬಂದರು, ಏಳಲಿಲ್ಲ. ಗದರಿದರು, ಬೇಡಿಕೊಂಡರು, ಊಹೂಂ! ಕೊನೆಗೆ ಕೂತ ಸ್ಟೂಲಿನ ಸಮೇತ ಆಟೋದಲ್ಲಿ ಹಾಕ್ಕೊಂಡು ಬಂದು ಇಳಿಸಿದರು.

"ತಾಯಮ್ಮಾ, ಯಾವ ಪ್ರೊಸೆಸರ್ ಇದೆ ನೋಡ್ಕೊಂಡು ಬಾ ಅಂದ್ರೆ ಏಳಲೇ ಇಲ್ಲ. ಇವನು ನಿಮ್ಮೋನು. ಸ್ಟೂಲ್ ನಂದು, ಕೊಟ್ಬಿಡಿ."

ತಾಯಮ್ಮ ನಾಚಿಕೆಯಿಂದ ಕುಗ್ಗಿಹೋದಳು. ಸಾಬರು ಹೋದದ್ದೇ ಶುರು: "ದಡ್ಡ ಶಿಖಾಮಣೀ! ಯಾರು ಏನೇ ಕೇಳಿದ್ರೂ ಬಿಚ್ಚಿ ಒಳಗೆ ನೋಡಿ, ಆಮೇಲೆ ಹೇಳಬೇಕು ಕಣೋ!"

"ಹಂಗೇ ಆಗ್ಲಮ್ಮ."

ಬೆಳಗಾಯ್ತು. ತಾಯಮ್ಮ ಬಚ್ಚಲಿಂದ ಕೂಗಿದಳು: "ಗಂಟೆ ಎಷ್ಟಾಯ್ತೋ?"

ಒಳಗಿಂದ ಟಕ್ ಟಕ್ ಸದ್ದು ಬಂತು.

"ಲೋ, ಗಂಟೆ ಎಷ್ಟೋ?"

"ತಡಿಯಮ್ಮ, ಇನ್ನೊಂದು ಸ್ಕ್ರೂ ಇದೆ!"

ಹೊರಗೆ ಬಂದು ನೋಡ್ತಾಳೆ, ಗೋಡೆ ಗಡಿಯಾರದ ಕರುಳೆಲ್ಲ ಚಾಪೆ ಮೇಲೆ! "ಒಳಗೆಲ್ಲ ಹುಡುಕ್ದೆ ಕಣಮ್ಮ, ಗಂಟೆ ಎಲ್ಲೂ ಇಲ್ಲ" ಅಂದ ಚೆಲುವ, ಪಾಪ.

"ಹಾಳಾದೋನೇ! ಬಿಚ್ಚೋದು ಬಿಚ್ಚಿದೆ, ಧೂಳು ಕೊಡವಿ, ಗಾಳಿ ಊದಿ, ಇದ್ದ ಹಾಗೆ ಮುಚ್ಚಬಾರದಾ? ಏನು ಬಿಚ್ಚಿದ್ರೂ ಹಂಗೆ ಮಾಡ್ಬೇಕು!"

"ಹಂಗೇ ಆಗ್ಲಮ್ಮ."

ಬುಧವಾರ ಬಂದೇಬಿಡ್ತು. ತಾಯಮ್ಮ ಪೇಪರ್ ತರೋಕೆ ಪೇಟೆಗೆ ಹೋದಳು. ಚೆಲುವನಿಗೆ ಸಾಬರ ಪ್ರಶ್ನೆ ನೆನಪಾಯ್ತು. ಕಂಪ್ಯೂಟರಿನ ಡಬ್ಬಾ ಬಿಚ್ಚಿದ. ಒಳಗೆ ಹಳೇ ಹಾಸಿಗೆ ಹರಿದಂಗೆ ಧೂಳು! ಬ್ರಷ್ಷಲ್ಲಿ ಕೊಡವಿದ. ಬಾಯಲ್ಲಿ ಊದಿದ, ಸಾಲಲಿಲ್ಲ. ಸೈಕಲ್ ಪಂಪ್ ತಂದ. ಬುಸ್! ಬುಸ್! ಬುಸ್! ಆಮೇಲೆ ಇದ್ದ ಹಾಗೆ ಮುಚ್ಚಿದ.

ಅಷ್ಟರಲ್ಲಿ ತಾಯಮ್ಮ ಬಂದಳು, ಹಿಂದೆಯೇ ಅನ್ವರ್ ಸಾಬರೂ ಬಂದರು. ಇವನನ್ನ ಮತ್ತೆ ಕಳಿಸೋದಕ್ಕಿಂತ ತಾವೇ ಬಂದು ನೋಡೋದು ವಾಸಿ ಅನ್ನಿಸಿತ್ತು ಅವರಿಗೆ.

"ಯಾವ ಪ್ರೊಸೆಸರ್ ಅಂತ ನೋಡಿದ್ಯೇನಪ್ಪಾ?"

"ಇಲ್ಲ ಸಾಬ್ರೇ! ಬಿಚ್ಚಿದೆ, ಕೊಡವಿದೆ, ಊದಿದೆ, ಮುಚ್ಚಿದೆ!"

"ಮುಗೀತು! ನನ್ನ ಅನ್ನಕ್ಕೆ ಮಣ್ಣು ಬಿತ್ತು!" ತಾಯಮ್ಮ ನೆಲದ ಮೇಲೇ ಕುಸಿದಳು.

ಸಾಬರು ಗುಂಡಿ ಒತ್ತಿದರು. ಜುಂಯ್ ಅಂತ ಶುರುವಾಯ್ತು. ಇನ್ನೊಂದು ಒತ್ತಿದರು. ಪಟ್ಟಂತ ಪುಟ ಬಂತು!

"ಅರೆ! ಧೂಳು ಕಟ್ಟಿ ಫ್ಯಾನ್ ತಿರುಗದೆ, ಒಳಗೆ ಕಾದು ನಿಧಾನ ಆಗ್ತಿತ್ತು ತಾಯಮ್ಮ. ಮಿದುಳು ಚೆನ್ನಾಗೇ ಇದೆ. ಈಗಿನ ಹೊಸ ಪ್ರೊಸೆಸರ್ ಈ ಹಳೇದರಲ್ಲಿ ಕೂರೋದೂ ಇಲ್ಲ. ಕೂರಿಸಬೇಕು ಅಂದ್ರೆ ಎಲ್ಲಾ ಬದಲಾಯಿಸಬೇಕು, ಆಗ ನಿಮ್ಮ ಹಳೇ ಅಕ್ಷರ ತೆರೆಯಲ್ಲ. ಬದಲಾಯಿಸಲೇಬೇಡಿ!"

ತಾಯಮ್ಮನಿಗೆ ಹೋದ ಜೀವ ಬಂದಂಗಾಯ್ತು. ಕಣ್ಣೊರೆಸಿಕೊಂಡು ಮಗನ ಕೆನ್ನೆ ಸವರಿದಳು. "ನನ್ನ ಬಂಗಾರ! ಯಾವುದು ಕಾದು ನಿಧಾನ ಆದ್ರೂ ಹಿಂಗೇ ಮಾಡಪ್ಪ!"

ಹೇಳಬಾರದಿತ್ತು. ಹೇಳಿಬಿಟ್ಟಳು.

"ಹಂಗೇ ಆಗ್ಲಮ್ಮ."

ಮಧ್ಯಾಹ್ನ ರುದ್ರೇಗೌಡರು ಬಂದರು. ಉರಿಬಿಸಿಲು. ಒಂದು ಮೆಟ್ಟಿಲು ಹತ್ತಿದರು, ನಿಂತರು. ಇನ್ನೊಂದು ಹತ್ತಿದರು, ಮತ್ತೆ ನಿಂತರು. "ಉಸ್ಸಪ್ಪಾ, ತಲೆ ಕಾದ್ಹೋಯ್ತು ತಾಯಮ್ಮ, ಕಾಲೇ ಏಳ್ತಿಲ್ಲ" ಅಂತ ಬೆಂಚಿನ ಮೇಲೆ ಕೂತರು.

ಚೆಲುವ ಎದ್ದ. ಗೌಡರ ಪೇಟ ಬಿಚ್ಚಿದ. ಬೋಳುತಲೆಯನ್ನ ಬ್ರಷ್ಷಲ್ಲಿ ಕೊಡವಿದ. ಪಂಪ್ ಎತ್ತಿ ನೆತ್ತಿಗೆ ಹಿಡಿದ. ಬುಸ್!

ತಾಯಮ್ಮ ಕಣ್ಣು ಮುಚ್ಚಿಕೊಂಡಳು. ಹೋಯ್ತು ಪತ್ರಿಕೆ, ಹೋಯ್ತು ಮಾನ! "ಗೌಡ್ರೇ, ತಪ್ಪಾಯ್ತು, ಅವನು ಸ್ವಲ್ಪ..."

"ನೀನು ಸುಮ್ನಿರಮ್ಮ! ಪತ್ರಿಕೆ ನಿಧಾನಕ್ಕೇ ಮಾಡು, ಅವಸರ ಇಲ್ಲ. ಹಾಯ್ ಅನ್ನಿಸ್ತು! ಲೋ ಹುಡುಗಾ, ನಿಲ್ಲಿಸಬೇಡ. ಈ ಕಿವಿ ಹತ್ರ ಇನ್ನೆರಡು ಹೊಡಿ!"

"ಆಗಲ್ಲ ಗೌಡ್ರೇ, ಊದಿದ ಮೇಲೆ ಮುಚ್ಚಬೇಕು. ಅಮ್ಮ ಹೇಳವ್ಳೆ!" ಅಂದವನೇ ಚೆಲುವ, ಪೇಟ ಎತ್ತಿ ಗಲ್ಲದವರೆಗೂ ಎಳೆದು ಮುಚ್ಚಿಬಿಟ್ಟ.

ಪೇಟದೊಳಗಿಂದ ಗೌಡರು ಕಿಸಕ್ಕಂತ ನಕ್ಕದ್ದು ಕೇಳಿಸಿದ ಮೇಲೇ ತಾಯಮ್ಮ ಉಸಿರುಬಿಟ್ಟಿದ್ದು.