ಅಜ್ಜಾರ ಸ್ಕೇಟಿಗೆ ಪೆಟ್ಟು

ಹೊಳೆದಂಡೆಯ ಮೇಲೊಂದು ಮಠ. ಮಠದ ಮುಂದೆ ಸಿಮೆಂಟಿನ ಅಂಗಳ. ಆ ಅಂಗಳದಲ್ಲಿ ಶಿಷ್ಯರು ಕಾಲಿಗೆ ಗಾಲಿ ಕಟ್ಟಿಕೊಂಡು, ಕೋಲು ಹಿಡಿದು ಹಾಕಿ ಆಟ ಆಡುತ್ತಾರೆ.

ನಗುವವರು ನಗಲಿ. ಮಠದ ಗುರುಗಳಾದ ಮರುಳಯ್ಯಜ್ಜಾರು ಪೂರ್ವಾಶ್ರಮದಲ್ಲಿ ಇದೇ ಆಟದಲ್ಲಿ ಹೆಸರು ಮಾಡಿದವರು. ಕಾವಿ ಉಟ್ಟ ಮೇಲೆ ಸ್ಕೇಟು ಕಳಚಿದರು, ಆಟದ ಹುಚ್ಚು ಕಳಚಲಿಲ್ಲ.

ಇಪ್ಪತ್ತು ದಾಟಿದ ಬಸಲಿಂಗ ತಂಡದ ನಾಯಕ. ನಾಯಕನಾದ ದಿನ ಅಜ್ಜಾರು ತಮ್ಮ ಸ್ವಂತ ಸ್ಕೇಟುಗಳನ್ನು ಎಲ್ಲರೆದುರು ಅವನ ಕೈಗಿಟ್ಟಿದ್ದರು. ಗಟ್ಟಿ ಕರಿ ಚರ್ಮದ ಬೂಟು, ಅಡಿಯಲ್ಲಿ ಗಾಲಿ. ಬಸಲಿಂಗ ಅವನ್ನು ಗೂಡಿನಲ್ಲಿಟ್ಟು, ಹೂವೇರಿಸಿ, ಕೈಮುಗಿದೇ ಕಾಲಿಗೆ ಹಾಕುತ್ತಿದ್ದ. ಗುರುವಿನ ಪಾದುಕೆಯೆಂದರೆ ಹುಡುಗಾಟವೇ?

ಆದರೆ ಪಾದುಕೆ ಅವನ ಕಾಲನ್ನು ತಿನ್ನುತ್ತಿತ್ತು.

ಬಲಗಾಲ ಗಿಣ್ಣಿನ ಎಲುಬು ಬೂಟಿನ ಗೋಡೆಗೆ ಒತ್ತಿ ಒತ್ತಿ ಹುಣ್ಣಾಗಿತ್ತು. ಅವನು ಬಾಯಿಬಿಡಲಿಲ್ಲ. ಎಲುಬಿನ ಮೇಲೆ ಹತ್ತಿ ಇಟ್ಟ. ನೋವು ಹೆಚ್ಚಾಯಿತು. ಇನ್ನಷ್ಟು ಹತ್ತಿ ತುರುಕಿದ. ಇನ್ನೂ ಹೆಚ್ಚಾಯಿತು.

ಅಂದು ಸಂಜೆ ಫೈನಲ್. ಗೆದ್ದ ತಂಡ ರಾಜ್ಯಮಟ್ಟಕ್ಕೆ ಹೋಗುತ್ತದೆ. ಎದುರಾಳಿಗಳು ಆಗಲೇ ಅಂಗಳಕ್ಕಿಳಿದು ಗಾಲಿ ಬಿಸಿಮಾಡುತ್ತಿದ್ದರು. ಬಸಲಿಂಗ ಅಡುಗೆಮನೆಯ ಹಿಂದೆ ಕುಳಿತು, ಹಲ್ಲು ಕಚ್ಚಿ, ಬೂಟಿನೊಳಗೆ ಕಾಲು ತೂರಿಸುತ್ತಿದ್ದ. ಕಾಲುಚೀಲದ ಮೇಲೆ ರಕ್ತ ಮೂಡಿತ್ತು.

ತಲೆಯೆತ್ತಿದರೆ ಅಜ್ಜಾರು ನಿಂತಿದ್ದಾರೆ.

"ಏನದು ತಮ್ಮಾ?"

"ಏನಿಲ್ರಿ ಅಜ್ಜಾರ."

"ಏನಿಲ್ಲದ್ದು ಕೆಂಪಗ ಐತಲ್ಲೋ!"

ಬಸಲಿಂಗ ತಲೆ ತಗ್ಗಿಸಿದ. ಅಜ್ಜಾರು ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಬೂಟಿನ ದಾರ ಬಿಚ್ಚತೊಡಗಿದರು. ಗುರುಗಳು ತನ್ನ ಕಾಲು ಮುಟ್ಟುವುದೆಂದರೇನು! ಅವನು ಗಾಬರಿಯಿಂದ ಕಾಲೆಳೆದುಕೊಂಡ. ಅಜ್ಜಾರು ಹಿಡಿದ ಹಿಡಿ ಬಿಡಲಿಲ್ಲ.

ಬೂಟಿನಿಂದ ಹತ್ತಿಯ ಉಂಡೆಗಳು ಒಂದರ ಹಿಂದೊಂದು ಹೊರಬಂದವು.

"ಇದ್ಯಾಕ ತುಂಬೀದಿ?"

"ಒತ್ತತಿತ್ತರೀ. ಮೆತ್ತಗ ಆಗ್ಲಿ ಅಂತ..."

"ಬಸ್ಸು ಗಚ್ಚಾಗಿ ತುಂಬೇತಿ. ಇನ್ನ ನಾಕ ಮಂದಿನ್ನ ಹತ್ತಿಸಿದ್ರ ಒಳಗಿದ್ದವ್ರಿಗೆ ಹಗುರಾಗತೈತೇನು?"

ಬಸಲಿಂಗನಿಗೆ ನಗು ಬರಬೇಕಿತ್ತು, ಬರಲಿಲ್ಲ. ಆಟ ತಪ್ಪೀತೆಂಬ ಭಯ. "ಅಜ್ಜಾರ, ನನ್ನ ಹೊರಗ ಕುಂದರಸಬ್ಯಾಡ್ರಿ. ನಾ ತಡಕೋತೀನಿ. ನೋವು ನುಂಗೂದೂ ಒಂದು ತಪಸ್ಸ ಅಲ್ಲೇನ್ರಿ?"

ಅಜ್ಜಾರು ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ನೀರಿನಲ್ಲಿ ತೇಯ್ದು, ಅವನ ಕಾಲುಚೀಲ ಕಳಚಿ ಗಿಣ್ಣಿನ ಮೇಲೆ ದಪ್ಪಗೆ ಬಳಿದರು.

ಬಸಲಿಂಗ ಹೌಹಾರಿದ. "ಅಜ್ಜಾರ! ವಿಭೂತಿ ಕಾಲಿಗೇನ್ರಿ?"

"ನೋವು ಹಣೀಗೆ ಆಗೇತೇನು? ಬೂಟು ಹಾಕ್ಕೊ. ದಾರ ಬಿಗಿ. ಎದ್ದು ನಿಂದರು."

ಅವನು ನಿಂತ. ಕಣ್ಣಿಗೆ ಕತ್ತಲೆ ಬಂತು.

"ತಗಿ."

ಬೂಟಿನ ಒಳಗೋಡೆಯ ಕರಿ ಚರ್ಮದ ಮೇಲೆ ಬೆಳ್ಳನೆಯ ಗುರುತು ಬಿದ್ದಿತ್ತು. ಎಲುಬು ಎಲ್ಲಿ ಒತ್ತುತ್ತದೋ ಅಲ್ಲೇ, ಕೂದಲೆಳೆಯೂ ಆಚೀಚೆಯಿಲ್ಲ.

ಅಜ್ಜಾರು ಅಡುಗೆಮನೆಗೆ ಕೂಗಿ ಸಾರಿನ ಕೊಳಗ ಇಳಿಸಿ ನೀರು ಕಾಯಿಸಲು ಹೇಳಿದರು. ನೀರು ಕುದಿಯಿತು. ಬೂಟಿನ ಆ ಬದಿಯನ್ನು ಉಗಿಗೆ ಹಿಡಿದರು. ಚರ್ಮ ಕಾದು ಮಿದುವಾಯಿತು. ಒಂದು ಹಿತ್ತಾಳೆ ತಂಬಿಗೆಯ ಬಾಯಿಯ ಮೇಲೆ ಬೂಟಿನ ಬಾಯಿ ಅಗಲಿಸಿ, ಆ ಬದಿ ಕೆಳಗಾಗುವಂತೆ ಅಡ್ಡ ಮಲಗಿಸಿದರು. ಖಾರ ಕುಟ್ಟುವ ಹಾರೆಯ ಗುಂಡನೆಯ ತುದಿಯನ್ನು ಒಳಗಿನ ಬಿಳಿ ಗುರುತಿಗೆ ಆನಿಸಿದರು. ಮರದ ಸುತ್ತಿಗೆಯಂಥ ಕೊಡತಿಯನ್ನು ಶಿಷ್ಯನ ಕೈಗೆ ಕೊಟ್ಟರು.

"ಹಾರಿ ನಾ ಹಿಡೀತೀನಿ. ಮ್ಯಾಲ ನೀ ಬಡಿ."

ಬಸಲಿಂಗನ ಕೈ ಮೇಲೇಳಲಿಲ್ಲ.

"ಇವು ನಿಮ್ಮ ಪಾದುಕೆರೀ. ಇವಕ್ಕ ಪೆಟ್ಟು ಹಾಕಿದ್ರ ನಾ ಯಾವ ನರಕಕ್ಕ ಹೋಗ್ಲಿ?"

"ಅಂಗಳಕ್ಕ ಹೋಗು ಸಾಕು. ಬಡಿ."

"ನೀವಾರ ಬಡೀರಿ ಅಜ್ಜಾರ."

"ಕಾಲು ನಂದಲ್ಲ."

ಅಂಗಳದಲ್ಲಿ ತೀರ್ಪು ಕೊಡುವ ಪಂಚರು ಮೊದಲ ಸೀಟಿ ಊದಿದರು. ತಂಡದವರು ನಾಯಕನ ಹೆಸರು ಹಿಡಿದು ಕೂಗುತ್ತಿದ್ದರು.

ಬಸಲಿಂಗ ಕಣ್ಣುಮುಚ್ಚಿ ಬಡಿದ. ದೇವರ ಮುಂದೆ ಗಂಟೆ ಬಾರಿಸಿದಷ್ಟು ಮೆಲ್ಲಗೆ. ಚರ್ಮ ಜಗ್ಗಲಿಲ್ಲ.

"ಬೂಟು ಆರಾಕತ್ತೇತಿ," ಎಂದರು ಅಜ್ಜಾರು. ಮತ್ತೆ ಉಗಿಗೆ ಹಿಡಿದರು, ಮತ್ತೆ ತಂಬಿಗೆಯ ಮೇಲಿಟ್ಟರು. ಅವರ ಹಣೆಯಲ್ಲೂ ಬೆವರಿತ್ತು.

"ಸೀಳಿದ್ರ, ಅಜ್ಜಾರ? ನನಗ ಬ್ಯಾರೆ ಸ್ಕೇಟ್ ಇಲ್ರಿ. ಯಾರವೂ ನನ್ನ ಕಾಲಿಗೆ ಬರೂದಿಲ್ಲ."

"ಸೀಳಿದ್ರ ಸೀಳಿತು. ಇವೂ ನಿನ್ನ ಕಾಲಿಗೆ ಎಲ್ಲಿ ಬಂದಾವ?"

ಬಸಲಿಂಗನಿಗೆ ಸಿಟ್ಟು ಬಂತು. ನೋವಿನ ಮೇಲೆ, ಬೂಟಿನ ಮೇಲೆ, ಇಷ್ಟು ದಿನ ಮುಚ್ಚಿಟ್ಟ ತನ್ನ ಮೇಲೆ, ಯಾಕೆ ಸುಳ್ಳು ಹೇಳಲಿ, ಗುರುವಿನ ಮೇಲೂ. ಕೊಡತಿ ಎತ್ತಿ ಬಡಿದ. ಕಣ್ಣು ತೆರೆದೇ ಬಡಿದ. ಇನ್ನೊಂದು. ಮತ್ತೊಂದು. ಹಾರೆಯ ತುದಿ ಚರ್ಮವನ್ನು ನೂಕಿಕೊಂಡು ತಂಬಿಗೆಯ ಬಾಯೊಳಗಿಳಿಯಿತು.

ಅಜ್ಜಾರು ತಣ್ಣೀರೆರಚಿ ಬೂಟನ್ನು ಎತ್ತಿ ಹಿಡಿದರು. ಹೊಳೆಯುವ ಕರಿ ಚರ್ಮಕ್ಕೆ ಬದಿಯಲ್ಲೊಂದು ಉಬ್ಬು ಬಂದಿತ್ತು. ನೋಡಲು ಕುರೂಪ. ಆದರೆ ಸೀಳಿರಲಿಲ್ಲ.

"ಹಾಕ್ಕೊ."

ಅವನು ಹಾಕಿಕೊಂಡ. ದಾರ ಬಿಗಿದ. ಎದ್ದು ನಿಂತ. ಎಲುಬು ಆ ಉಬ್ಬಿನೊಳಗೆ ಹೋಗಿ ಕುಳಿತುಕೊಂಡಿತು. ಹುಣ್ಣು ಚುರುಗುಟ್ಟುತ್ತಿತ್ತು, ಆದರೆ ಬೂಟು ಒತ್ತುತ್ತಿರಲಿಲ್ಲ. ಬಹಳ ದಿನಗಳ ಮೇಲೆ ಅವನು ಪೂರ್ತಿ ಉಸಿರು ಬಿಟ್ಟ. ಕಣ್ಣಲ್ಲಿ ನೀರು ಬಂತು.

"ನಿಮ್ಮ ಬೂಟಿನ ಅಂದಾ ಕೆಡಿಸಿಬಿಟ್ಟೆ ಅಜ್ಜಾರ."

ಅಜ್ಜಾರು ತಂಬಿಗೆ ತೊಳೆಯುತ್ತಿದ್ದರು.

ಇಬ್ಬರೂ ಅಂಗಳಕ್ಕೆ ಬಂದರು. ಎದುರಾಳಿಗಳು ಸಾಲಾಗಿ ನಿಂತಿದ್ದರು. ಅವರ ನಡುವೆ ದಾರಿಯೇ ಕಾಣುತ್ತಿರಲಿಲ್ಲ. ಅಜ್ಜಾರು ಕಟ್ಟೆಯ ಮೇಲೆ ಹೋಗಿ ಕುಳಿತರು.

ಬಸಲಿಂಗ ಕೋಲು ಹಿಡಿದು ಅಂಗಳಕ್ಕಿಳಿದವನು ಅಲ್ಲೇ ನಿಂತ. ಈಗ ಸೋಲಿನ ಭಯ. ಗಾಲಿ ಹಿಂದಕ್ಕೆ ಉರುಳಿಸಿಕೊಂಡು ಕಟ್ಟೆಯ ಹತ್ತಿರ ಬಂದ.

"ಅಜ್ಜಾರ, ನೀವು ಆ ಕಾಲದಾಗ ಎಡಕ್ಕ ತಿರುಗಿ ಒಮ್ಮೆಲೇ ಹೊಡೀತಿದ್ರಂತ. ಊರ ಮಂದಿ ಇನ್ನೂ ಹೇಳ್ತಾರ. ಇವತ್ತ ನಾನೂ ಹಂಗ ಹೊಡೀಲೇನ್ರಿ?"

ಪಂಚರು ಸೀಟಿಯನ್ನು ತುಟಿಗಿಟ್ಟರು.

ಅಜ್ಜಾರು ಕಾಲು ಮಡಚಿ ಸರಿಯಾಗಿ ಕುಳಿತುಕೊಂಡರು.

"ನನ್ನ ಆಟ ನಾ ನೋಡೀನಿ ತಮ್ಮಾ. ಇವತ್ತ ನಿಂದು ನೋಡಾಕ ಕುಂತೀನಿ."