ಪುಟ್ಟಬೋರ ತಲೆ ಒತ್ತಲು ಕಲಿತದ್ದು

ಹೂಂಗುಟ್ಟುವವರಿದ್ದರೆ ಕತೆ ಮುಂದೆ ಹೋಗುತ್ತೆ, ತೂಕಡಿಸುವವರಿದ್ದರೆ ಇಲ್ಲೇ ನಿಲ್ಲುತ್ತೆ. ಎಲ್ಲಿ, ಹೂಂ ಅನ್ನಿ ನೋಡೋಣ.

ಒಂದೂರಲ್ಲಿ ಮುದ್ದಮ್ಮ ಅಂತ ಒಬ್ಬಳು ಇದ್ದಳು. ತಲೆಗೆ ಎಣ್ಣೆ ಹಾಕಿ ಒತ್ತುವುದೇ ಅವಳ ಕಸುಬು. ಅವಳ ಬೆರಳು ನೆತ್ತಿ ಮುಟ್ಟಿದರೆ ಸಾಕು, ಎಂಥ ತಲೆನೋವೂ ಗಂಟುಮೂಟೆ ಕಟ್ಟಿ ಎದ್ದು ಹೋಗುತ್ತಿತ್ತು. ಅವಳಿಗೊಬ್ಬನೇ ಮಗ, ಪುಟ್ಟಬೋರ. ಆಳು ನೋಡಿದರೆ ಅಲಂಕಾರ, ಬುದ್ಧಿ ನೋಡಿದರೆ ಸೊನ್ನೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ರೋಗ.

ಆ ವರ್ಷ ಮುದ್ದಮ್ಮನ ಬೆರಳೆಲ್ಲ ವಾಯು ಹಿಡಿದು ಸೊಟ್ಟಗಾದವು. ಎಣ್ಣೆ ಬಟ್ಟಲು ಹಿಡಿಯಲೂ ಆಗದು. ಅಷ್ಟರಲ್ಲಿ ಊರ ಪಟೇಲರು ಹೇಳಿ ಕಳಿಸಿದರು: "ನಮ್ಮವ್ವಂಗೆ ಕಣ್ಣಿಗೆ ನಿದ್ದೆ ಹತ್ತುತಾ ಇಲ್ಲ. ದೀಪಾವಳಿ ಎಣ್ಣೆನೀರಿನ ದಿನ ನಿನ್ನ ಮಗ ತಲೆ ಒತ್ತಿ ಮಲಗಿಸಿದ್ರೆ ಕೆಲಸ ನಿಮ್ಮನೇಲೇ ಇರ್ಲಿ. ಇಲ್ದಿದ್ರೆ ಪಕ್ಕದೂರಿನೋರ್ನ ಕರೆಸ್ತೀನಿ!" ಪಟೇಲರ ಮನೆ ಕೈಬಿಟ್ಟರೆ ಊರೇ ಕೈಬಿಟ್ಟ ಹಾಗೆ. ಮುದ್ದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ತನ್ನ ಕೈಯಲ್ಲಿ ಕಾಪಾಡಿದ್ದು ಇವನ ಕೈಯಲ್ಲಿ ಉಳಿದೀತೇ!

"ಅಳಬ್ಯಾಡ ಕಣವ್ವ. ಕಲಿತೇ ಕಲೀತೀನಿ!" ಎಂದ ಪುಟ್ಟಬೋರ.

"ಹಂಗಾದ್ರೆ ಕೇಳು. ನೆತ್ತಿಗೆ ಹರಳೆಣ್ಣೆ ಬಿಡು. ಅಂಗೈಲಿ ಹಗೂರಕ್ಕೆ ತಟ್ಟು. ಎಣ್ಣೆ ಇಂಗೋ ಗಂಟ ಬಿಡಬ್ಯಾಡ."

ಹೋದ. ಮೊದಲು ಸಿಕ್ಕಿದ್ದು ಶಾನುಭೋಗರ ತಲೆ. ಕಿವಿಯ ಸುತ್ತ ನಾಕು ಕೂದಲು, ನೆತ್ತಿ ಹಂಡೆಯ ತಳದ ಹಾಗೆ ನುಣ್ಣಗೆ. ಎಣ್ಣೆ ಬಿಟ್ಟ, ತಟ್ಟಿದ. ತಟ್ಟಿದ, ತಟ್ಟಿದ. ಎಣ್ಣೆ ಇಂಗಿದರೆ ತಾನೇ! ಬೆಳಿಗ್ಗೆ ಶುರುವಾದದ್ದು, ಊಟದ ಹೊತ್ತಾದರೂ ತಟ್ಟುತ್ತಲೇ ಇದ್ದ.

"ಬಿಡೋ, ಊಟಕ್ಕೆ ಏಳಬೇಕು!"

"ಇನ್ನೂ ಇಂಗಿಲ್ಲ ಬುದ್ಧಿ!"

ಶಾನುಭೋಗರು ಕೊನೆಗೆ ಪಂಚೆ ಎತ್ತಿಕೊಂಡು ಓಡಿದರು. ಇವನೂ ಬಟ್ಟಲು ಹಿಡಿದು ಹಿಂದೆಯೇ ಓಡಿದ, ತಟ್ಟುತ್ತಾ.

"ಅಯ್ಯೋ ಪೆದ್ದೇ! ಬೋಳು ಜಾಗದಲ್ಲಿ ಹೊತ್ತು ಕಳೀತಾರೇನ್ಲಾ?" ಎಂದು ಮುದ್ದಮ್ಮ ಬೈದಳು. "ಬೋಳು ಕಂಡ್ರೆ ಬಿಟ್ಟುಬಿಡು. ಕೂದಲು ಎಲ್ಲೈತೆ ನೋಡು. ಹಿಡಿ ತುಂಬ ಹಿಡಿದು, ಬುಡ ಸಡಿಲಾಗಂಗೆ ಎಳೆದು ಎಳೆದು ಬಿಡಬೇಕು!"

"ಈಗ ತಿಳೀತು. ಕಲಿತೇ ಕಲೀತೀನಿ!"

ಹೋದ. ಈ ಸಲ ಗರಡಿಮನೆಯ ಪೈಲ್ವಾನ. ತಲೆ ನುಣ್ಣಗೆ ಬೋಳಿಸಿದ್ದಾನೆ. ಆದರೆ ಮೀಸೆ! ಹುರಿ ಮಾಡಿ, ಬೆಣ್ಣೆ ಸವರಿ, ಮಗುವಿನ ಹಾಗೆ ಸಾಕಿದ ಮೀಸೆ. ಪುಟ್ಟಬೋರ ನೆತ್ತಿ ನೋಡಿದ, ಬೋಳು. ಬಿಟ್ಟುಬಿಟ್ಟ. ಕೂದಲು ಎಲ್ಲೈತೆ ಅಂತ ಹುಡುಕಿದ. ಇಲ್ಲೈತಲ್ಲ! ಎರಡು ಕೈಲಿ ಎರಡು ಮೀಸೆ ಹಿಡಿದು ಎಳೆದ.

"ಬಿಡ್ಲಾ! ಬಿಡೋ! ಅಯ್ಯಯ್ಯಪ್ಪೋ!"

"ಬುಡ ಸಡಿಲಾಗ್ಲಿ ತಡಿ ಅಣ್ಣ!"

ಆಮೇಲೆ ಏನಾಯಿತು ಅಂತ ಪುಟ್ಟಬೋರನ ಬೆನ್ನನ್ನೇ ಕೇಳಬೇಕು. ಮುದ್ದಮ್ಮ ಆ ಬೆನ್ನಿಗೆ ಕಾವು ಕೊಡುತ್ತಾ ಬೈದಳು.

"ಒತ್ತಿಸ್ಕೊಳ್ಳೋರ್ನ ಕೇಳಬ್ಯಾಡ್ವೇನ್ಲಾ? ಕಣ್ಣಿನ ಪಕ್ಕ ಕಣತಲೆ ಒತ್ತು, ಹಿಂದ್ಗಡೆ ಹೆಡತಲೆ ಉಜ್ಜು, ಆಗಾಗ 'ಸಾಕಾ?' ಅಂತ ಕೇಳು. ಅವರು ಬಾಯಿಬಿಟ್ಟು 'ಸಾಕು' ಅಂದ ಮ್ಯಾಲೇ ಕೈ ತೆಗಿ!"

"ಇಷ್ಟೇ ತಾನೆ? ಕಲಿತೇ ಕಲೀತೀನಿ!"

ಹೋದ. ಹೋಗಿ ಹೋಗಿ ಮಠದ ಅಯ್ಯನವರ ಹತ್ತಿರ ಹೋದ. ಅಯ್ಯನವರು ಮೌನವ್ರತ ಹಿಡಿದಿದ್ದರು, ಹಬ್ಬದವರೆಗೆ ಮಾತಿಲ್ಲ. ಪುಟ್ಟಬೋರ ಕಣತಲೆ ಒತ್ತಿದ, ಹೆಡತಲೆ ಉಜ್ಜಿದ. "ಸಾಕಾ ಅಯ್ನೋರೇ?"

ಅಯ್ಯನವರು ತಲೆಯಾಡಿಸಿದರು.

"ತಲೆ ಅಲ್ಲ, ಬಾಯಿಬಿಟ್ಟು ಹೇಳಿ!"

ಅಯ್ಯನವರು ಕೈ ಮುಗಿದರು.

"ಕೈ ಅಲ್ಲ, ಬಾಯಿ!"

ಒತ್ತಿದ, ಉಜ್ಜಿದ. ಒತ್ತಿದ, ಉಜ್ಜಿದ. ಅಯ್ಯನವರ ಕಣ್ಣು ಕೆಂಪಾದವು, ಕಿವಿ ಕೆಂಪಾದವು. ಕಡೆಗೆ ಮಠದ ಗೋಡೆ ಅದುರುವ ಹಾಗೆ "ಸಾಕೋ ಮುಂಡೇದೇ!" ಎಂದು ಕೂಗಿಬಿಟ್ಟರು. ವ್ರತ ಹಾಳಾಯಿತು. ಪುಟ್ಟಬೋರ ಮಾತ್ರ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದ. "ಅವ್ವ, ಬಾಯಿ ಬಿಡಿಸ್ಬುಟ್ಟೆ!"

ನಾಳೆಯೇ ಎಣ್ಣೆನೀರು. ಮುದ್ದಮ್ಮ ಮಗನಿಗೇ ಕೈ ಮುಗಿದಳು. "ಬಾಯಿ ನೋಡಬ್ಯಾಡ ಕಣಪ್ಪ, ನಿನ್ನ ಕಾಲಿಗೆ ಬೀಳ್ತೀನಿ. ಕಣ್ಣು ನೋಡು! ನಿದ್ದೆ ಬಂತೋ ಇಲ್ವೋ ಕಣ್ಣಲ್ಲೇ ತಿಳೀತದೆ. ಕಣ್ಣು ನೋಡ್ದೆ ಕೈ ತೆಗೀಬ್ಯಾಡ!"

"ಕಲಿತೇ ಕಲೀತೀನಿ!"

ಪಟೇಲರ ಮನೆಯಲ್ಲಿ ಹಿರಿತಲೆಗೆ ನೀರು ಬೀಳುವ ತನಕ ಉಳಿದವರು ಯಾರೂ ಮೀಯುವಂತಿಲ್ಲ. ಮಕ್ಕಳು ಮರಿ ಎಲ್ಲರೂ ತಲೆಗೆ ಎಣ್ಣೆ ಮೆತ್ತಿಕೊಂಡು ಸಾಲಾಗಿ ಕೂತಿದ್ದರು. ಪಟೇಲರ ತಾಯಿ ದೊಡ್ಡವ್ವ ಮಣೆಯ ಮೇಲೆ ಕೂತು ಕಂಬಕ್ಕೆ ಒರಗಿದರು. ಮುದ್ದಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಪುಟ್ಟಬೋರ ಎಣ್ಣೆ ಬಿಟ್ಟ, ಹಗೂರಕ್ಕೆ ತಟ್ಟಿದ. ಕೂದಲು ಎಲ್ಲಿತ್ತೋ ಅಲ್ಲೇ ಹಿಡಿದ. ಕಣತಲೆ ಒತ್ತಿದ, ಹೆಡತಲೆ ಉಜ್ಜಿದ. ಪಕ್ಕಾ ಮುದ್ದಮ್ಮನ ಕೈ! ದೊಡ್ಡವ್ವನ ಕತ್ತು ವಾಲಿತು. ರೆಪ್ಪೆ ಕೂಡಿದವು. ಸಣ್ಣಗೆ ಗೊರಕೆ ಕೇಳಿಸಿತು. ಮಕ್ಕಳು ಬಾಯಿಗೆ ಕೈ ಇಟ್ಟುಕೊಂಡರು. ನೀರು ಆರಿದರೆ ಆರಲಿ ಎಂದು ಪಟೇಲರು ಸನ್ನೆ ಮಾಡಿ, ಮುದ್ದಮ್ಮನ ಕಡೆ ತಿರುಗಿ ತಲೆದೂಗಿದರು. ಗೆದ್ದೆ ಅಂದುಕೊಂಡಳು ಮುದ್ದಮ್ಮ.

ಪುಟ್ಟಬೋರ ಬಗ್ಗಿ ನೋಡಿದ. ಕಣ್ಣು ಕಾಣುತ್ತಿಲ್ಲ! ಕಣ್ಣು ನೋಡದೆ ಕೈ ತೆಗೆಯುವುದು ಹೇಗೆ? ಹರಳೆಣ್ಣೆ ಸುರಿಯುವ ಹೆಬ್ಬೆರಳುಗಳಲ್ಲಿ ದೊಡ್ಡವ್ವನ ಎರಡು ರೆಪ್ಪೆಯನ್ನೂ ಎತ್ತಿ ಹಿಡಿದು, ಮೂಗಿಗೆ ಮೂಗು ತಾಗಿಸಿ ಇಣುಕಿದ.

"ಅಯ್ಯೋ ನನ್ನ ಕಣ್ಣು!" ದೊಡ್ಡವ್ವ ಮಣೆಯಿಂದ ಹಾರಿದರು. "ಎಷ್ಟು ದಿನಕ್ಕೆ ಬಂದಿತ್ತಲ್ಲೋ ನಿದ್ದೆ! ಮಲಗಿರೋರ ಕಣ್ಣು ಮುಟ್ತಾರೇನೋ? ಎದ್ದ ಮೇಲೆ ನೋಡ್ಬೇಕು ಕಣೋ, ಎದ್ದ ಮೇಲೆ!"

ಪಟೇಲರು ಕೋಲು ಹುಡುಕಿದರು. ದೊಡ್ಡವ್ವ ಕಣ್ಣು ಉಜ್ಜಿಕೊಳ್ಳುತ್ತಲೇ ತಡೆದರು. "ಹೊಡೀಬೇಡ. ಕೈ ಮುದ್ದಮ್ಮಂದೇ, ಬುದ್ಧಿ ಮಾತ್ರ ಯಾರದೋ! ಮುದ್ದಮ್ಮ, ನಾಳೆಯಿಂದ ಇವನೇ ಬರ್ಲಿ. ನೀನು ಪಕ್ಕದಲ್ಲಿ ಕೂತು ಇವನ ಹೆಬ್ಬೆರಳು ಕಾಯಿ."

ಕೆಲಸ ಉಳಿಯಿತು. ಮುದ್ದಮ್ಮ ಮನೆಗೆ ಬಂದವಳೇ ಅಳುವುದೋ ನಗುವುದೋ ತಿಳಿಯದೆ ಸೊಟ್ಟ ಕೈಗಳಲ್ಲಿ ತಲೆ ತಲೆ ಚಚ್ಚಿಕೊಂಡಳು.

"ಹಂಗಲ್ಲ ಕಣವ್ವ! ಹಗೂರಕ್ಕೆ ತಟ್ಟಬೇಕು!" ಪುಟ್ಟಬೋರ ಅವಳನ್ನು ಕೂರಿಸಿ, ಉಳಿದ ಎಣ್ಣೆ ನೆತ್ತಿಗೆ ಬಿಟ್ಟು ತಟ್ಟಿದ, ಒತ್ತಿದ, ಉಜ್ಜಿದ. ಮಗನ ಚಿಂತೆಯಲ್ಲಿ ಅವಳೂ ಕಣ್ಣು ಮುಚ್ಚಿ ಎಷ್ಟು ದಿನವಾಗಿತ್ತೋ! ಅಲ್ಲೇ ಒರಗಿ ಹಾಯಾಗಿ ನಿದ್ದೆ ಹೋದಳು.

ಪುಟ್ಟಬೋರ ಹೆಬ್ಬೆರಳು ಎತ್ತಿದ. ದೊಡ್ಡವ್ವನ ಮಾತು ನೆನಪಾಯಿತು. ಮಲಗಿರುವವರ ಕಣ್ಣು ಮುಟ್ಟಬಾರದು, ಎದ್ದ ಮೇಲೆ ನೋಡಬೇಕು. ಹೆಬ್ಬೆರಳು ಇಳಿಸಿದ. ಅವ್ವನ ಭುಜ ಹಿಡಿದು ಅಲ್ಲಾಡಿಸಿದ.

"ಅವ್ವ! ಏಳವ್ವ! ಬಿರ್ರನೆ ಏಳು! ನಿಂಗೆ ನಿದ್ದೆ ಬಂತೋ ಇಲ್ವೋ, ಕಣ್ಣು ನೋಡಬೇಕು!"